ಸುಣ್ಣದ ಗೆರೆ

ಅಪ್ಪಯ್ಯಣ್ಣನ ಮನೆಯಲ್ಲಿ ಯಾರೂ ಯಾವುದಕ್ಕೂ ಸೈನ್ ಹಾಕುವಂತಿಲ್ಲ. ಅದು ಆ ಮನೆಯ ಕಾನೂನು. ಕೊರಿಯರ್ ಹುಡುಗ ಪಾರ್ಸೆಲ್ ತಂದು, ಮೊಬೈಲ್ ಮುಂದೆ ಹಿಡಿದು, ಬೆರಳಲ್ಲಿ ಹಿಂಗೊಂದು ಗೀಚಿ ಅಜ್ಜ ಅಂದದ್ದಕ್ಕೆ ಪಾರ್ಸೆಲ್ಲೇ ಬೇಡ ಎಂದು ವಾಪಸ್ ಕಳಿಸಿದ ಮನೆ ಅದು. ಒಳಗಿದ್ದದ್ದು ಮೊಮ್ಮಗಳು ಹರ್ಷಿತ ಆಸೆಪಟ್ಟು ತರಿಸಿಕೊಂಡಿದ್ದ ಚಪ್ಪಲಿ. ಹೈಸ್ಕೂಲ್ ಹುಡುಗಿ, ಒಂದು ಹೊತ್ತು ಊಟ ಬಿಟ್ಟು ಮುನಿಸಿಕೊಂಡಳು. ಅಜ್ಜ ಜಗ್ಗಲಿಲ್ಲ.

ಮುದುಕನಿಗೆ ತಲೆ ಕೆಟ್ಟಿದೆ ಅಂದುಕೊಳ್ಳಬೇಡಿ. ಚನ್ನರಾಯಪಟ್ಟಣ ಹೋಬಳಿಯ ಬೇರೆ ಊರುಗಳವರ ಹಾಗೆ ಈ ಊರಿನವರೂ ಕಾರ್ಖಾನೆಗೆ ಜಮೀನು ಕೊಡುವುದಿಲ್ಲ ಎಂದು ವರ್ಷಗಟ್ಟಲೆ ಟೆಂಟಿನಲ್ಲಿ ಕೂತು ಬಿಸಿಲು ಚಳಿ ಉಂಡವರು. ಅಪ್ಪಯ್ಯಣ್ಣ ಅದರಲ್ಲಿ ಮುಂದಿನ ಸಾಲು. ಯಾವ ಕಾಗದ ಬಂದರೂ ಮುಟ್ಟಬೇಡಿ, ಯಾರು ಬಂದು ಏನು ಕೇಳಿದರೂ ಸೈನ್ ಹಾಕಬೇಡಿ ಎಂದು ಮನೆ ಮನೆಗೆ ಹೇಳಿಕೊಂಡು ತಿರುಗಿದವನು. ಕೊನೆಗೆ ಸರ್ಕಾರ ಕೈಬಿಟ್ಟಿತು. ಊರಲ್ಲಿ ಪಟಾಕಿ ಹೊಡೆದರು, ಹೋಳಿಗೆ ಊಟ ಆಯಿತು. ಆದರೆ ಇಷ್ಟ ಇದ್ದವರು ತಾವಾಗಿ ಕೊಡಬಹುದಂತೆ ಅನ್ನುವ ಒಂದು ಮಾತು ಊರಲ್ಲಿ ಉಳಿದುಬಿಟ್ಟಿತು. ಅದರ ಹಿಂದೆಯೇ ಗೋಡೌನಿಗೆ, ಲೇಔಟಿಗೆ ಜಾಗ ಹುಡುಕುವ ಖಾಸಗಿ ಪಾರ್ಟಿಗಳ ಕಾರುಗಳು ಬಂದವು. ಅಲ್ಲಿಯವರೆಗೆ ಎಲ್ಲರೂ ಸೇರಿ ಸರ್ಕಾರವನ್ನು ಅನುಮಾನಿಸುತ್ತಿದ್ದರು, ಈಗ ಒಬ್ಬರನ್ನೊಬ್ಬರು ಅನುಮಾನಿಸತೊಡಗಿದರು. ಯಾರ ಮನೆಗೆ ಹೊಸ ಫ್ರಿಡ್ಜ್ ಬಂದರೂ ಊರು ಕಣ್ಣು ಕಿರಿದು ಮಾಡಿ ನೋಡುತ್ತಿತ್ತು.

ಅಂಥ ಮನೆಯ ಸೊಸೆ ಶಶಿರೇಖಾ ಏಪ್ರಿಲ್ ತಿಂಗಳ ಒಂದು ಸಂಜೆ ಪಂಚಾಯ್ತಿ ಆಫೀಸಿಂದ ಬಂದವಳೇ, ಮಾವ ಮುದ್ದೆ ಮುರಿಯುತ್ತಿದ್ದ ಹೊತ್ತಿಗೆ ಸರಿಯಾಗಿ ವಿಷಯ ತೆಗೆದಳು. ಊರಿಗೆ ಜಲಾನಯನ ಸಮಿತಿ ಮಾಡುತ್ತಿದ್ದಾರೆ, ಸ್ತ್ರೀಶಕ್ತಿ ಸಂಘದ ಕಡೆಯಿಂದ ತನ್ನ ಹೆಸರು ಬಂದಿದೆ. ಪ್ರತಿ ಬುಧವಾರ ಹೋಬಳಿಯ ಸಮುದಾಯ ಭವನದಲ್ಲಿ ತರಬೇತಿ. ಮಳೆ ನೀರು ಹೊಲದಲ್ಲೇ ನಿಲ್ಲಿಸುವುದು, ಬದು ಹಾಕುವುದು, ಮಣ್ಣು ಕೊಚ್ಚಿ ಹೋಗದ ಹಾಗೆ ಕಂದಕ ತೆಗೆಯುವುದು, ಎಲ್ಲ ಹೇಳಿಕೊಡುತ್ತಾರೆ. ಮಧ್ಯಾಹ್ನದ ಊಟ ಅವರದೇ.

"ಹೆಸ್ರು ಕೊಟ್ಯೋ, ಸೈನ್ ಹಾಕ್ದ್ಯೋ?" ಎಂದ ಅಪ್ಪಯ್ಯಣ್ಣ.

"ಹಾಜರಿಗೆ ಸೈನ್ ಹಾಕ್ಲೇಬೇಕಲ್ಲ ಮಾವ."

ಅಪ್ಪಯ್ಯಣ್ಣ ಮುದ್ದೆಯನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದ. ಮಳೆ ನೀರು ನಿಲ್ಲಿಸೋದು ಹೇಳಿಕೊಡೋಕೆ ಯಾರಾದರೂ ಕರೆದು ಕೂರಿಸಿ ಊಟ ಹಾಕುತ್ತಾರಾ? ನಮ್ಮಪ್ಪ ನಮ್ಮಜ್ಜ ಯಾವ ತರಬೇತಿಗೆ ಹೋಗಿದ್ದರು? ಮೊದಲು ಹೀಗೇ ನಗುನಗುತ್ತಾ ಬರುತ್ತಾರೆ, ಆಮೇಲೆ ಸರ್ವೆ ನಂಬರ್ ಕೇಳುತ್ತಾರೆ ಎಂದು ಹಾಸಿಗೆಗೆ ಹೋಗುವವರೆಗೂ ಒಬ್ಬನೇ ಮಾತಾಡಿಕೊಂಡ.

ಶಶಿರೇಖಾ ಸುಮ್ಮನೆ ಹೋಗಿದ್ದಲ್ಲ. ಆ ಮನೆಗೆ ಊರಾಚೆ ದಿಣ್ಣೆ ಹೊಲ ಅಂತ ಒಂದು ತುಂಡು ಭೂಮಿ ಇತ್ತು. ಇಳಿಜಾರು. ಅವಳು ಮದುವೆಯಾಗಿ ಬಂದ ವರ್ಷ ಅಪ್ಪಯ್ಯಣ್ಣನೇ ಮುಂದೆ ನಿಂತು ಅದನ್ನು ಮಗ ಸುನಿಲ್‌ಕುಮಾರನ ಹೆಸರಿಗೆ ಖಾತೆ ಮಾಡಿಸಿದ್ದ. ಸುನಿಲ ಏರ್‌ಪೋರ್ಟಿನ ಕಡೆ ಒಂದು ಗೋಡೌನಿನಲ್ಲಿ ಶಿಫ್ಟ್ ಕೆಲಸಕ್ಕೆ ಸೇರಿದ ಮೇಲೆ ದಿಣ್ಣೆ ಹೊಲದ ಬೇಸಾಯವೆಲ್ಲ ಸೊಸೆಯ ತಲೆಗೆ ಬಿತ್ತು. ಬಿತ್ತಿಸುವವಳು ಅವಳು, ಕಳೆ ತೆಗೆಸುವವಳು ಅವಳು. ಹೋದ ವರ್ಷ ಒಂದೇ ಜೋರು ಮಳೆಗೆ ಮೇಲ್ಮಣ್ಣೆಲ್ಲ ಕೆಳಗಿನ ಪಿಳ್ಳಪ್ಪನ ಹೊಲಕ್ಕೆ ಇಳಿದು ಹೋಗಿ, ರಾಗಿ ಪೈರು ಬೇರು ಬಿಟ್ಟುಕೊಂಡು ಮಲಗಿತ್ತು. ಅದನ್ನು ನೋಡಿ ಅವಳು ಹೊಲದಲ್ಲೇ ನಿಂತು ಅತ್ತಿದ್ದಳು. ಇನ್ನೆರಡು ಮಳೆ ಹೀಗೆ ಬಂದರೆ ದಿಣ್ಣೆಯಲ್ಲಿ ಉಳಿಯುವುದು ಬರೀ ಗರಸು ಕಲ್ಲು. ಈ ಸಲ ಮುಂಗಾರಿಗೆ ಮುಂಚೆ ಅಲ್ಲಿ ಕಂದಕ ಬೀಳಬೇಕು, ಬದು ಏಳಬೇಕು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ.

ಅವಳ ಪರವಾಗಿ ಮನೆಯಲ್ಲಿ ಮಾತಾಡಿದ ಒಂದೇ ಪ್ರಾಣಿ ಗಂಡ. ಹೋಗಲಿ ಬಿಡಪ್ಪ, ಮನೆಯಲ್ಲೇ ಕೂತು ಏನು ಮಾಡುತ್ತಾಳೆ ಎಂದ. ಅಷ್ಟೇ ಅಲ್ಲ, ಭಾನುವಾರ ಇದ್ದ ವಾರದ ರಜೆಯನ್ನು ಬುಧವಾರಕ್ಕೆ ಬದಲಾಯಿಸಿಕೊಂಡು ಬಂದು, ತಾನೇ ಗಾಡಿಯಲ್ಲಿ ಬಿಟ್ಟುಬರುತ್ತೇನೆ ಎಂದ. ಹದಿನೈದು ವರ್ಷದ ಸಂಸಾರದಲ್ಲಿ ಗಂಡ ತನಗಾಗಿ ರಜೆ ಬದಲಾಯಿಸಿದ್ದು ಇದೇ ಮೊದಲು ಎಂದು ಶಶಿರೇಖಾಗೆ ಹಿಗ್ಗೋ ಹಿಗ್ಗು. ಪಕ್ಕದ ಮನೆ ಚೈತ್ರಳಿಗೂ ಹೇಳಿಕೊಂಡಳು.

ಅತ್ತೆ ಅಮ್ಮಯಮ್ಮನ ಅನುಮಾನ ಬೇರೆ ಥರದ್ದು. ಜಮೀನು ಇರಲಿ ಹೋಗಲಿ, ಬುಧವಾರ ಸೀಮೆ ಹಸುವಿಗೆ ಹುಲ್ಲು ಕೊಯ್ಯುವವರು ಯಾರು, ಡೈರಿಗೆ ಹಾಲು ಹಾಕುವವರು ಯಾರು, ಅದು ಮೊದಲು ಇತ್ಯರ್ಥ ಆಗಲಿ ಅಂದಳು. ಸೊಸೆ ಬೆಳಿಗ್ಗೆಯೇ ಎದ್ದು ಹುಲ್ಲು ಕೊಯ್ದಿಟ್ಟು, ಬಸ್ಸಾರು ಮಾಡಿಟ್ಟು, ಒಳ್ಳೆ ಸೀರೆ ಉಟ್ಟು ಹೊರಟಾಗ ಮುದುಕಿಯ ಬಾಯಿ ಕಟ್ಟಿಹೋಯಿತು. ಕಣ್ಣು ಮಾತ್ರ ಸೀರೆಯ ಮೇಲೇ ಇತ್ತು. ಮಣ್ಣಿನ ಪಾಠಕ್ಕೆ ಇಂಥ ಸೀರೆ ಯಾಕೆ ಬೇಕು? ಸಂಜೆ ಬಂದ ಮೇಲೆ ಏನು ಊಟ ಹಾಕಿದರು ಎಂದು ಬಿಡಿಸಿ ಬಿಡಿಸಿ ಕೇಳಿದಳು. ಪಲಾವು, ಮೊಸರು ಬಜ್ಜಿ, ಒಂದೊಂದು ಮೈಸೂರು ಪಾಕು ಅಂದಾಗ, ಮೈಸೂರು ಪಾಕು ಕೊಟ್ಟರಾ, ಹಾಗಾದರೆ ಏನೋ ಇದೆ ಎಂದು ತೀರ್ಮಾನ ಕೊಟ್ಟಳು. ತೀರ್ಮಾನ ಕೊಟ್ಟ ಮೇಲೆ, ನನಗೊಂದು ಚೂರು ತರಬಾರದಿತ್ತಾ ಎಂದೂ ಕೇಳಿದಳು.

ಎರಡನೇ ಬುಧವಾರ ಎಡವಟ್ಟಾಯಿತು. ತರಬೇತಿ ಕೊಡುವ ಶಾಮಲಾ ಮೇಡಂ, ನಿಮ್ಮ ನಿಮ್ಮ ಊರಿನ ನಕ್ಷೆಯನ್ನು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಬಿಡಿಸಿ ಅಂದರು. ಮಳೆ ನೀರು ಎಲ್ಲಿಂದ ಬರುತ್ತದೆ, ಯಾರ ಹೊಲ ಹಾಯುತ್ತದೆ, ಎಲ್ಲಿಗೆ ಹೋಗುತ್ತದೆ, ನೀವೇ ತೋರಿಸಿ ಅಂದರು. ಗಂಡಸರೆಲ್ಲ ಕೈ ಹಿಂದೆ ಕಟ್ಟಿಕೊಂಡು ಗೋಡೆಗೆ ಅಂಟಿ ನಿಂತರು. ಶಶಿರೇಖಾ ಹೇಳಿ ಕೇಳಿ ರಂಗೋಲಿಯಲ್ಲಿ ಎತ್ತಿದ ಕೈ. ಸೆರಗು ಸಿಕ್ಕಿಸಿ ಕೂತವಳು ಕೆರೆ, ಹಳ್ಳ, ಗುಂಡುತೋಪು, ದಿಣ್ಣೆ, ತಗ್ಗು, ಯಾರ ಹೊಲ ಎಲ್ಲಿ, ಒಂದೂ ಬಿಡದೆ ಎಳೆದುಬಿಟ್ಟಳು. ಮಣ್ಣು ಕೊಚ್ಚಿ ಹೋಗುವ ದಾರಿಗೆ ಕುಂಕುಮ ಹಾಕಿದಳು. ಶಾಮಲಾ ಮೇಡಂ ಬೆನ್ನು ತಟ್ಟಿ, ಬೇರೆ ಊರಿನವರಿಗೂ ತೋರಿಸುತ್ತೇನೆ ಎಂದು ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡರು.

ಅದೇ ಹೊತ್ತಿಗೆ ಪಿಳ್ಳಪ್ಪ ಹೋಬಳಿಯ ಬ್ಯಾಂಕಿಗೆ ಬಂದಿದ್ದ. ಬ್ಯಾಂಕಿಗೂ ಸಮುದಾಯ ಭವನದ ಕಿಟಕಿಗೂ ಏನು ಸಂಬಂಧ ಎಂದು ಕೇಳಬೇಡಿ. ಹೋರಾಟದ ಕಾಲದಲ್ಲಿ ಅಪ್ಪಯ್ಯಣ್ಣನ ಪಕ್ಕದಲ್ಲೇ ಕೂರುತ್ತಿದ್ದ ಮನುಷ್ಯ, ಅವನಿಗೆ ಕಿಟಕಿ ಕಂಡರೆ ಇಣುಕುವ ಅಭ್ಯಾಸ ಬಿದ್ದುಹೋಗಿತ್ತು. ಶಶಿರೇಖಾ ಮನೆ ಸೇರುವ ಮೊದಲೇ ಸುದ್ದಿ ಅಪ್ಪಯ್ಯಣ್ಣನ ಕಿವಿ ಸೇರಿತ್ತು.

ಅವತ್ತಿನ ಊಟ ಊಟವಾಗಲಿಲ್ಲ. ಹುರುಳಿಕಾಳು ಸಾರು ಆರಿ ತಣ್ಣಗಾಯಿತು. ನಾವು ಟೆಂಟಿನಲ್ಲಿ ಕೂತು ಸರ್ವೆಯವರನ್ನು ಊರೊಳಗೆ ಕಾಲಿಡಲು ಬಿಡಲಿಲ್ಲ, ನೀನು ಊರನ್ನೇ ತಗೊಂಡು ಹೋಗಿ ಅವರ ಕಾಲ ಬುಡದಲ್ಲಿ ಬರೆದುಕೊಟ್ಟು ಬಂದೆಯಲ್ಲ ಎಂದು ಅಪ್ಪಯ್ಯಣ್ಣ ಕೂಗಾಡಿದ.

"ನಾನ್ ಬರ್ದಿದ್ದು ನೀರು ಮಾವ, ಜಮೀನಲ್ಲ," ಎಂದಳು ಶಶಿರೇಖಾ.

"ಹೊಲ ಬಿಟ್ಟು ನೀರು ಹೆಂಗಮ್ಮಾ ಬರೀತೀಯ? ಅವ್ರಿಗೆ ಬೇಕಾಗಿರೋದು ಯಾವ್ದು ಅಂತ ನಿಂಗೆ ಗೊತ್ತಾ?"

ಇನ್ನು ಹೋಗಕೂಡದು ಎಂದ ಮಾವ. ಹೋಗುತ್ತೇನೆ ಎಂದಳು ಸೊಸೆ, ದನಿ ಏರಿಸದೆ. ದಿಣ್ಣೆ ಹೊಲ ಗೇಯುವವಳು ನಾನು, ಅದರ ಮಣ್ಣು ಹೋಗೋದನ್ನ ನೋಡುವವಳೂ ನಾನು, ನೀವು ಹೋಗಿ ನೋಡಿ ಎಷ್ಟು ವರ್ಷ ಆಯಿತು ಎಂದು ಕೇಳಿದಳು. ಮಾವನಿಗೆ ಹಾಗೆ ಎದುರಾಡಿದ್ದು ಅವಳಿಗೂ ಹೊಸದು, ಅವನಿಗೂ ಹೊಸದು. ಅಮ್ಮಯಮ್ಮ ಏನೂ ಅರಿಯದವಳ ಹಾಗೆ ಸಾರು ಬಿಸಿ ಮಾಡಲು ಎದ್ದಳು. ಸುನಿಲ ಮಾತ್ರ ನಕ್ಕು, ನಕ್ಷೆ ಬರೆದರೆ ಜಮೀನು ಹೋಗುತ್ತದಾ, ನೀನೊಬ್ಬ ಬಿಡಪ್ಪ ಎಂದ.

ಆಮೇಲಿನ ಬುಧವಾರಗಳಲ್ಲಿ ಮನೆ ಎರಡು ಪಾಲಾದ ಹಾಗಿತ್ತು. ಅಪ್ಪಯ್ಯಣ್ಣ ಸೊಸೆ ಬಡಿಸಿದರೆ ಉಣ್ಣುತ್ತಿರಲಿಲ್ಲ, ಹೆಂಡತಿಯೇ ಬಡಿಸಬೇಕು. ಸೊಸೆ ಫೋನಿನಲ್ಲಿ ಮಾತಾಡುತ್ತಿದ್ದರೆ ಹಸು ನೋಡುವ ನೆವದಲ್ಲಿ ಹಿಂದೆ ಬಂದು ನಿಲ್ಲುತ್ತಿದ್ದ. ತರಬೇತಿಯಿಂದ ಅವಳು ತಂದ ಬ್ಯಾಗನ್ನು ಅಮ್ಮಯಮ್ಮನ ಕೈಯಲ್ಲಿ ಬಿಚ್ಚಿಸಿ ನೋಡಿಸಿದ. ಒಳಗೆ ಒಂದು ಪೆನ್ನು, ನೀರಿನ ಬಾಟಲಿ, ಮುದುಕಿಗೆಂದು ಕಟ್ಟಿಸಿಕೊಂಡು ಬಂದಿದ್ದ ಮೈಸೂರು ಪಾಕು. ಅಮ್ಮಯಮ್ಮ ಅದನ್ನು ಅಲ್ಲೇ ನಿಂತು ತಿಂದು, ಏನೂ ಇಲ್ಲ ಎಂದು ಗಂಡನಿಗೆ ವರದಿ ಕೊಟ್ಟಳು. ಅವತ್ತಿನಿಂದ ಅವಳ ಅನುಮಾನ ಸ್ವಲ್ಪ ಮೆತ್ತಗಾಯಿತು ಅಂತಲೇ ಹೇಳಬೇಕು.

ಮೇ ಕೊನೆಯ ಬುಧವಾರ ಶಶಿರೇಖಾ ಬಿದಿರಿನ ಚೌಕಟ್ಟೊಂದನ್ನು ಹೊತ್ತುಕೊಂಡು ಬಂದಳು. ಮೂರು ಗಳ ಸೇರಿಸಿ ಇಂಗ್ಲಿಷಿನ A ಅಕ್ಷರದ ಹಾಗೆ ಕಟ್ಟಿ, ನಡುವೆ ದಾರದಲ್ಲಿ ಕಲ್ಲು ಇಳಿಬಿಟ್ಟಿತ್ತು. ಎರಡು ಕಾಲನ್ನೂ ನೆಲಕ್ಕೂರಿ, ಕಲ್ಲಿನ ದಾರ ನಟ್ಟನಡುವೆ ನಿಂತರೆ ಎರಡೂ ಕಾಲು ಒಂದೇ ಮಟ್ಟದಲ್ಲಿವೆ ಎಂದು ಲೆಕ್ಕ. ಹಾಗೆ ಮಟ್ಟ ನೋಡುತ್ತಾ ಇಳಿಜಾರಿಗೆ ಅಡ್ಡಲಾಗಿ ನಡೆದು, ಕಾಲು ಊರಿದ ಕಡೆಯಲ್ಲೆಲ್ಲ ಸುಣ್ಣದ ಪುಡಿ ಹಾಕಿದರೆ ಅದೇ ಗೆರೆ. ಆ ಗೆರೆಯ ಮೇಲೆ ಕಂದಕ ತೆಗೆದರೆ ನೀರು ಓಡುವುದಿಲ್ಲ, ನಿಂತು ಇಂಗುತ್ತದೆ. ನಿಮ್ಮ ನಿಮ್ಮ ಹೊಲದಲ್ಲಿ ಗೆರೆ ಹಾಕಿಕೊಂಡು ಬನ್ನಿ, ಮುಂದಿನ ವಾರ ಬಂದು ನೋಡಿ ಕೆಲಸ ಶುರು ಮಾಡಿಸುತ್ತೇನೆ ಎಂದು ಶಾಮಲಾ ಮೇಡಂ ಸುಣ್ಣದ ಚೀಲವನ್ನೂ ಕೊಟ್ಟಿದ್ದರು.

ಅದನ್ನು ಒಬ್ಬರೇ ಹಿಡಿಯಲು ಆಗುವುದಿಲ್ಲ. ಸುನಿಲ ತಲೆನೋವು ಎಂದು ಮಲಗಿದ್ದ. ಅಪ್ಪಯ್ಯಣ್ಣ ಯಾವುದೋ ಮದುವೆಗೆಂದು ಹೊಸಕೋಟೆಗೆ ಹೋಗಿದ್ದ, ಬರುವುದು ಬೆಳಿಗ್ಗೆಯೇ. ಶಶಿರೇಖಾ ಅತ್ತೆಯ ಕೈಕಾಲು ಹಿಡಿದಳು. ನನ್ನನ್ನ ಯಾಕೆ ಎಳೀತೀಯ, ನಿಮ್ಮ ಮಾವ ನನ್ನ ಸಿಗಿದುಬಿಡ್ತಾನೆ ಎಂದು ಗೊಣಗುತ್ತಲೇ ಅಮ್ಮಯಮ್ಮ ದಿಣ್ಣೆ ಹೊಲಕ್ಕೆ ಬಂದಳು. ಮೊದಲು ಮುಖ ಗಂಟು ಹಾಕಿಕೊಂಡೇ ಚೌಕಟ್ಟಿನ ಒಂದು ಕಾಲು ಹಿಡಿದಳು. ಸ್ವಲ್ಪ ಹೊತ್ತಿಗೆ, ಆ ಕಡೆ ಅಲ್ಲ ಕಣೇ, ಕಲ್ಲು ಇನ್ನೂ ಅಲ್ಲಾಡ್ತೈತೆ, ತಾಳು ಎಂದು ಸೊಸೆಗೇ ಜೋರು ಮಾಡತೊಡಗಿದಳು. ಹೊತ್ತು ಮುಳುಗುವ ಹೊತ್ತಿಗೆ ದಿಣ್ಣೆಯ ಉದ್ದಕ್ಕೂ ಬಳುಕಿದ ಬಿಳಿ ಗೆರೆಗಳು ಎದ್ದಿದ್ದವು. ಇಲ್ಲಿ ಮೇಲಿದೆ ಅಂದುಕೊಂಡಿದ್ದೆ, ನೋಡಿದರೆ ತಗ್ಗು, ಇಷ್ಟು ವರ್ಷ ಗೊತ್ತೇ ಆಗಲಿಲ್ಲ ಎಂದು ಮುದುಕಿ ದಾರಿಯುದ್ದಕ್ಕೂ ಹೇಳಿಕೊಂಡು ಬಂದಳು. ಅತ್ತೆ ಸೊಸೆ ಇಬ್ಬರೂ ಅಂಗೈ ಬೆಳ್ಳಗೆ ಮಾಡಿಕೊಂಡು ನಗುತ್ತಾ ಮನೆಗೆ ಬಂದದ್ದು ಅವತ್ತೇ ಮೊದಲು ಇರಬೇಕು.

ಆ ಸೀಮೆಯಲ್ಲಿ ಹೊಲದ ಮೇಲೆ ಸುಣ್ಣದ ಗೆರೆ ಬಿದ್ದರೆ ಜನ ಓದಿಕೊಳ್ಳುವ ಅರ್ಥ ಒಂದೇ. ಲೇಔಟಿನವರು ಸೈಟು ಗುರುತು ಮಾಡುವುದು ಸುಣ್ಣದಲ್ಲಿ, ರಸ್ತೆಗೆ ಅಳತೆ ಹಾಕುವುದು ಸುಣ್ಣದಲ್ಲಿ, ಗೋಡೌನಿಗೆ ಪಾಯ ತೆಗೆಯುವುದೂ ಸುಣ್ಣದಲ್ಲಿ. ಅತ್ತೆ ಸೊಸೆ ಇಬ್ಬರಿಗೂ ಇದು ಹೊಳೆಯಲಿಲ್ಲ. ಗುರುವಾರ ಬೆಳಿಗ್ಗೆ ಮೊದಲು ನೋಡಿದವನು ಪಿಳ್ಳಪ್ಪ. ಸೊಂಟದ ಟವೆಲ್ ಕೈಗೆ ತೆಗೆದುಕೊಂಡು ಊರೊಳಗೆ ಓಡಿದ.

ಅಪ್ಪಯ್ಯಣ್ಣ ಹೊಸಕೋಟೆಯಿಂದ ಬಂದು ಬಸ್ ಇಳಿಯುವಾಗ ಊರು ದಿಣ್ಣೆ ಹೊಲದಲ್ಲಿ ಸೇರಿತ್ತು. ಹೋರಾಟದ ಮುಂದಾಳಿನ ಹೊಲವೇ ಅಳತೆಯಾಗಿದೆ! ಇಷ್ಟು ದಿನ ನಮಗೆ ಸೈನ್ ಹಾಕಬೇಡಿ ಅಂದವನು ಹಿಂದಿನ ಬಾಗಿಲಿಂದ ವ್ಯಾಪಾರ ಮುಗಿಸಿದ ಎಂದು ಒಬ್ಬ, ಮದುವೆಗೆ ಹೋಗಿದ್ದನೋ ಅಡ್ವಾನ್ಸ್ ತರೋಕೆ ಹೋಗಿದ್ದನೋ ಎಂದು ಇನ್ನೊಬ್ಬ. ಪಿಳ್ಳಪ್ಪ ತಾನು ಕಂಡದ್ದನ್ನೆಲ್ಲ ಬಿಚ್ಚಿದ. ಎಷ್ಟೋ ಬುಧವಾರದಿಂದ ದಿಣ್ಣೆ ಹೊಲದ ಹತ್ತಿರ ಒಂದು ಬಿಳಿ ಕಾರು ಬಂದು ನಿಲ್ಲುತ್ತಿದೆ, ಷೂ ಹಾಕಿದವರು ಇಳಿದು ಹೆಜ್ಜೆ ಹಾಕಿ ಅಳೆದು ಹೋಗುತ್ತಾರೆ, ತರಬೇತಿಯವರೇ ಇರಬೇಕು, ಸೊಸೆ ಅಲ್ಲಿ ಸೈನ್ ಹಾಕುತ್ತಾಳೆ, ಇಲ್ಲಿ ಇವರು ಅಳೆಯುತ್ತಾರೆ ಎಂದ.

ಅಪ್ಪಯ್ಯಣ್ಣ ಗೆರೆಗಳನ್ನು ನೋಡಿದ. ವರ್ಷಗಟ್ಟಲೆ ಊರವರ ಕಣ್ಣಲ್ಲಿ ಗಳಿಸಿದ ಮರ್ಯಾದೆ ಒಂದು ಬೆಳಿಗ್ಗೆಗೆ ಹೋಗುವುದನ್ನು ನೋಡುತ್ತಾ ನಿಂತ. ಅಷ್ಟರಲ್ಲಿ ಶಶಿರೇಖಾ ಚೌಕಟ್ಟು ಹೊತ್ತು ಓಡಿ ಬಂದಳು. ಇದು ನಾನು ಹಾಕಿದ್ದು, ಕಂದಕ ತೆಗೆಯೋಕೆ, ನಮ್ಮತ್ತೆಯೂ ಇದ್ದರು ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ಚೌಕಟ್ಟು ನೆಲಕ್ಕೂರಿ ತೋರಿಸಿದಳು. ಯಾರಿಗೂ ಆ ಆಟ ನೋಡುವ ತಾಳ್ಮೆ ಇರಲಿಲ್ಲ. ಅವಳು ಮಾವನ ಕಡೆ ತಿರುಗಿ, ನೀವಾದರೂ ಹೇಳಿ ಎಂದು ಬೇಡಿದಳು.

ಅಪ್ಪಯ್ಯಣ್ಣ ಸೊಸೆಯನ್ನು ನೋಡಲಿಲ್ಲ. ಊರವರ ಕಡೆ ತಿರುಗಿ ಹೇಳಿದ: "ನನ್ ಕೈಯಿಂದ ಒಂದ್ ಸೈನೂ ಬಿದ್ದಿಲ್ಲ. ಇವ್ಳು ಎಲ್ಲೆಲ್ಲಿ ಹಾಕವ್ಳೋ ನಂಗೊತ್ತಿಲ್ಲ."

ಆಮೇಲೆ ಜನ ಗೆರೆಗಳನ್ನು ಕಾಲಲ್ಲಿ ಉಜ್ಜಿ ಅಳಿಸಿದರು. ಅಪ್ಪಯ್ಯಣ್ಣನೂ ಅಳಿಸಿದ. ಶಶಿರೇಖಾ ನೋಡುತ್ತಾ ನಿಂತಿದ್ದಳು. ಗೆರೆ ಹೋದದ್ದಕ್ಕಲ್ಲ, ಆ ಮಾತಿಗೆ ಅವಳ ಎದೆ ಒಡೆದಿತ್ತು. ಮದುವೆಯಾಗಿ ಬಂದಂದಿನಿಂದ ಆ ಮನೆಯ ಸಗಣಿ ಬಾಚಿ, ಆ ಮನೆಯ ಹೊಲ ಗೇಯ್ದು, ಕೊನೆಗೆ ಊರ ಮುಂದೆ ಕಳ್ಳಿಯಾಗಿ ನಿಂತಿದ್ದಳು.

ಊರು ಅಷ್ಟಕ್ಕೆ ಬಿಡಲಿಲ್ಲ. ಮಾತಿನಲ್ಲಿ ಹೇಳಿದರೆ ಆಗದು, ನಾಳೆ ಶುಕ್ರವಾರ, ಮುತ್ಯಾಲಮ್ಮನ ಗುಡಿಯಲ್ಲಿ ಕರ್ಪೂರ ಆರಿಸಿ ಆಣೆ ಇಡಲಿ, ಮನೆಯ ದೊಡ್ಡವರೆಲ್ಲ ಇಡಲಿ ಎಂದಿತು. ಉರಿಯುವ ಕರ್ಪೂರವನ್ನು ಅಂಗೈಯಲ್ಲಿ ತಟ್ಟಿ ಆರಿಸಿ, ನಾನು ಹೇಳಿದ್ದು ಸುಳ್ಳಾದರೆ ನನ್ನ ಮಕ್ಕಳಿಗೆ ತಟ್ಟಲಿ ಎನ್ನುವುದು ಅಲ್ಲಿಯ ಪದ್ಧತಿ. ಸುಳ್ಳಾಣೆ ಇಟ್ಟು ಕೆಟ್ಟವರ ಕಥೆ ಒಂದೊಂದು ಮನೆಯಲ್ಲೂ ಒಂದೊಂದಿದೆ. ಅಪ್ಪಯ್ಯಣ್ಣ ಒಪ್ಪಿಕೊಂಡು ಬಂದ.

ಅವತ್ತು ಮನೆಯಲ್ಲಿ ಒಲೆ ಹೊತ್ತಿತು, ಆದರೆ ಯಾರೂ ಸರಿಯಾಗಿ ಉಣ್ಣಲಿಲ್ಲ. ಅಮ್ಮಯಮ್ಮ, ನಾನೇ ಗೆರೆ ಹಾಕಿಸಿದ್ದು ಕಣಯ್ಯಾ, ನನ್ನನ್ನೂ ಕಳ್ಳಿ ಅನ್ನು ಎಂದು ಗಂಡನ ಮೇಲೆ ಹಾರಿಬಿದ್ದಳು. ನೀನು ಸುಮ್ಮನಿರು, ನಿನ್ನ ಕೈಲಿ ಹಿಡಿಸಿ ಅವಳು ಕೆಲಸ ಮಾಡಿಕೊಂಡಳು ಎಂದ ಅವನು. ಶಶಿರೇಖಾಳ ತಲೆಯಲ್ಲಿ ಪಿಳ್ಳಪ್ಪನ ಬಿಳಿ ಕಾರು ಸುತ್ತುತ್ತಿತ್ತು. ಶಾಮಲಾ ಮೇಡಂ ಬರುವುದು ದೇವನಹಳ್ಳಿ ಬಸ್ಸಿನಲ್ಲಿ. ಅವರ ಕಡೆಯವರು ಯಾರೂ ಇನ್ನೂ ಊರಿಗೇ ಬಂದಿಲ್ಲ. ಹಾಗಾದರೆ ಬುಧವಾರ ಬುಧವಾರವೇ ಬರುವ ಕಾರು ಯಾರದು? ಬುಧವಾರ ಯಾರಿಗೆ ರಜೆ?

ಕೇಳಬಾರದು ಅಂದುಕೊಂಡಳು. ಶುಕ್ರವಾರ ಬೆಳಿಗ್ಗೆ ಹಾಲು ಕರೆಯುವಾಗ ಸುನಿಲ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತ. ಕೇಳಿಯೇಬಿಟ್ಟಳು.

ಅವನು ಸುಳ್ಳು ಹೇಳಲಿಲ್ಲ, ಅದೊಂದು ಮೆಚ್ಚಬೇಕು. ದಿಣ್ಣೆ ಹೊಲವನ್ನು ಒಂದು ಗೋಡೌನ್ ಪಾರ್ಟಿಗೆ ಕೊಡುವುದಾಗಿ ಅಗ್ರಿಮೆಂಟ್ ಆಗಿದೆ, ಮುಂದಿನ ತಿಂಗಳು ರಿಜಿಸ್ಟ್ರೇಶನ್ ಎಂದ. ತನ್ನ ಹೆಸರಿನ ಜಮೀನು, ತಾನು ಯಾರನ್ನೂ ಕೇಳಬೇಕಿಲ್ಲ. ಅಪ್ಪನಿಗೆ ಹೋರಾಟ, ಹಾರ, ಮೈಕು. ತನಗೆ ಕಂಟ್ರಾಕ್ಟ್ ಕೆಲಸ, ಇವತ್ತಿದ್ದರೆ ನಾಳೆ ಇಲ್ಲ. ಸುತ್ತಮುತ್ತ ಎಲ್ಲ ಮಾರಿದ ಮೇಲೆ ಉಳಿದ ತುಂಡನ್ನು ಯಾರು ಮೂಸುತ್ತಾರೆ? ಹರ್ಷಿತಳ ಓದಿಗೆ ದುಡ್ಡು ಗರಸು ನೆಲದಿಂದ ಹುಟ್ಟುತ್ತದಾ? ಒಂದೇ ಉಸಿರಿಗೆ ಎಲ್ಲ ಹೇಳಿದ. ಅದರಲ್ಲಿ ಸ್ವಲ್ಪ ನಿಜವೂ ಇತ್ತು.

"ಅದಕ್ಕೇ ನನ್ನ ತರಬೇತಿಗೆ ಬಿಟ್ಟುಬರ್ತಿದ್ರಾ?"

ಸುನಿಲ ಹಸುವಿನ ಬೆನ್ನು ಸವರಿದ. "ನೀನು ಹೊಲದ ಕಡೆ ಹೋಗ್ದೇ ಇರೋ ದಿನ ಅದೊಂದೇ ಅಲ್ವಾ ಶಶಿ. ನೋಡು, ಹೆಂಗೂ ಎಲ್ರೂ ನಿನ್ ಮೇಲೇ ಅನುಮಾನ ಪಡ್ತಾವ್ರೆ. ಒಂದ್ ತಿಂಗ್ಳು ಸುಮ್ನಿದ್ಬಿಡು. ರಿಜಿಸ್ಟ್ರು ಆಗ್ಲಿ, ಆಮೇಲೆ ನಾನೇ ಹೇಳ್ತೀನಿ."

ಅವಳ ಕೈ ಕೆಚ್ಚಲ ಮೇಲೇ ನಿಂತಿತು. ಹಸು ಕಾಲು ಝಾಡಿಸಿತು.

"ಇವತ್ತು ಗುಡಿಗೆ ಬರ್ಬೇಡಿ ನೀವು," ಎಂದಳು.

"ಬರ್ದಿದ್ರೆ ಗೊತ್ತಾಗಲ್ವಾ? ಬರ್ತೀನಿ. ಕರ್ಪೂರ ತಾನೇ."

ಅವಳು ಬಿಡಲಿಲ್ಲ, ಆಣೆ ಬೀಳುವುದು ಯಾರ ಮೇಲೆ ಗೊತ್ತಾ ಎಂದು ಕೇಳಿದಳು. ಅವನು ಅದಕ್ಕೆಲ್ಲ ಹೆದರುವ ಕಾಲ ಹೋಯಿತು ಎಂದು ಹಾಲಿನ ಕ್ಯಾನು ಎತ್ತಿಕೊಂಡು ಡೈರಿಗೆ ಹೊರಟ. ಅವತ್ತು ಮಾತ್ರ ತಾನಾಗಿ ಹಾಲು ಹಾಕಿಬಂದ.

ಹನ್ನೊಂದರ ಹೊತ್ತಿಗೆ ಗುಡಿಯ ಮುಂದೆ ಊರು ನೆರೆದಿತ್ತು. ಅಪ್ಪಯ್ಯಣ್ಣ ಮೊದಲು. ದಿಣ್ಣೆ ಹೊಲದ ವಿಚಾರದಲ್ಲಿ ನಾನು ಯಾರಿಗೂ ಮಾತು ಕೊಟ್ಟಿಲ್ಲ, ಸೈನ್ ಹಾಕಿಲ್ಲ, ಸುಳ್ಳಾದರೆ ನನ್ನ ಮನೆ ಮಕ್ಕಳಿಗೆ ತಟ್ಟಲಿ ಎಂದು ಅಂಗೈ ತಟ್ಟಿ ಕರ್ಪೂರ ಆರಿಸಿದ. ಅಮ್ಮಯಮ್ಮ ಆಣೆಯ ಮಾತನ್ನು ಅರ್ಧಕ್ಕೇ ನಿಲ್ಲಿಸಿ, ನನ್ನ ಸೊಸೆ ಅಂಥವಳಲ್ಲ ಎನ್ನುವುದನ್ನೂ ಸೇರಿಸಿದಳು. ಪೂಜಾರಿ ಅದು ಬೇಡ, ನಿನ್ನದು ಮಾತ್ರ ಹೇಳು ಎಂದು ಗದರಿದ.

ಮೂರನೆಯವಳು ಶಶಿರೇಖಾ. ಎಲ್ಲರ ಕಣ್ಣೂ ಅವಳ ಕೈಯ ಮೇಲೆ. ಪಿಳ್ಳಪ್ಪ ಪಕ್ಕದವನಿಗೆ ಮೊಣಕೈಯಲ್ಲಿ ತಿವಿದ. ಆಣೆಯ ಮಾತನ್ನು ಒಂದಕ್ಷರ ಬಿಡದೆ ಹೇಳಿ ಕರ್ಪೂರ ಆರಿಸಿದಳು. ಊರು ಉಸಿರು ಬಿಟ್ಟಿತು. ಅಲ್ಲಿಗೆ ಮುಗಿದಂತೆಯೇ ಲೆಕ್ಕ, ಏಕೆಂದರೆ ಸುನಿಲನ ಮೇಲೆ ಯಾರಿಗೂ ಅನುಮಾನ ಇರಲಿಲ್ಲ. ಕೆಲವರು ಚಪ್ಪಲಿ ಹುಡುಕುತ್ತಿದ್ದರು. ಹರ್ಷಿತ ಗುಡಿಯ ಕಟ್ಟೆಯ ಮೇಲೆ ಗೆಳತಿಯ ಜೊತೆ ಕೂತು ನೋಡುತ್ತಿದ್ದಳು.

ಪೂಜಾರಿ ಹೊಸ ಕರ್ಪೂರ ಹಚ್ಚಿದ. ಸುನಿಲ ಮುಂದೆ ಬಂದು, ಬೇಗ ಬೇಗ, ಬಸ್ಸಿಗೆ ಹೊತ್ತಾದವನ ಹಾಗೆ ಆಣೆಯ ಮಾತು ಹೇಳಿದ. ಸುಳ್ಳಾದರೆ ನನ್ನ ಮಕ್ಕಳಿಗೆ ಎಂಬಲ್ಲಿಗೆ ಬಂದು ಕೈ ಎತ್ತಿದ. ಶಶಿರೇಖಾ ಎಲ್ಲಿದ್ದಳೋ, ಹೇಗೆ ಬಂದಳೋ, ಗಂಡನ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದುಬಿಟ್ಟಳು. ಅವನು ಕೊಸರಿದ. ಅವಳು ಬಿಡಲಿಲ್ಲ.

"ಬೇಡ ರೀ," ಎಂದಳು. "ಹರ್ಷಿ ಇದಾಳೆ."

ಬೇರೆ ಏನೂ ಹೇಳಲಿಲ್ಲ. ಹೇಳುವ ಅಗತ್ಯವೂ ಬೀಳಲಿಲ್ಲ. ಚಪ್ಪಲಿ ಹುಡುಕುತ್ತಿದ್ದವರು ಹಾಗೇ ನಿಂತರು. ಪಿಳ್ಳಪ್ಪ ಬಾಯಿ ತೆರೆದವನು ಮುಚ್ಚಿದ. ಅಪ್ಪಯ್ಯಣ್ಣ ಮಗನ ಮುಖ ನೋಡಿದ, ಸೊಸೆಯ ಕೈ ನೋಡಿದ, ಮತ್ತೆ ಮಗನ ಮುಖ ನೋಡಿದ. ಸುನಿಲ ತಲೆ ತಗ್ಗಿಸಿಕೊಂಡು ಜನರ ನಡುವೆ ನುಗ್ಗಿ ಹೊರಟುಹೋದ. ಯಾರೂ ಅವನನ್ನು ತಡೆಯಲಿಲ್ಲ. ಅಪ್ಪಯ್ಯಣ್ಣ ಊರವರಿಗೆ ಕೈ ಮುಗಿದು, ನನ್ನ ಮನೆಯವನೇ, ತಪ್ಪು ನನ್ನದು ಎಂದ. ಟೆಂಟಿನಲ್ಲಿ ಗುಡುಗುತ್ತಿದ್ದ ದನಿ ಅದಲ್ಲ.

ಸಂಜೆ ಸುನಿಲ ಬಂದು, ಅಗ್ರಿಮೆಂಟ್ ಆಗಿದೆ, ಮುಂದಿನ ತಿಂಗಳು ರಿಜಿಸ್ಟ್ರು ಎಂದು ಅಪ್ಪನಿಗೆ ಹೇಳಿ, ರೂಮಿನ ಬಾಗಿಲು ಹಾಕಿಕೊಂಡ. ಹೆಂಡತಿಯ ಹತ್ತಿರ ಅವನು ಆಡಿದ ಮಾತು ಒಂದೇ. ಹದಿನೈದು ವರ್ಷ ನನ್ನ ಜೊತೆ ಇದ್ದು ಊರ ಮುಂದೆ ನನ್ನ ಬಟ್ಟೆ ಬಿಚ್ಚಿದೆ, ಇನ್ನು ನನ್ನನ್ನ ಮಾತಾಡಿಸಬೇಡ ಎಂದ. ಹರ್ಷಿತಳೂ ಅಮ್ಮನ ಹತ್ತಿರ ಬರಲಿಲ್ಲ. ಅಪ್ಪನನ್ನು ಎಲ್ಲರೂ ಬೈಯುವಂತೆ ಮಾಡಿದ್ದು ಅಮ್ಮ ಎನ್ನುವುದಷ್ಟೇ ಅವಳಿಗೆ ಕಂಡಿದ್ದು.

ಅವತ್ತು ಅಪ್ಪಯ್ಯಣ್ಣ ಪಡಸಾಲೆಯಲ್ಲಿ ಊಟಕ್ಕೆ ಕೂರದೆ ನೇರ ಅಡುಗೆಮನೆಗೆ ಬಂದು ಒಲೆಯ ಪಕ್ಕ ನೆಲದ ಮೇಲೆ ಕೂತ. ಸೊಸೆಯ ಕೈಯಿಂದಲೇ ತಟ್ಟೆ ಇಸಿದುಕೊಂಡ. ಆಮೇಲೆ ಹೇಳಿದ, ಹೊಲದಲ್ಲಿ ಎಲ್ಲರ ಮುಂದೆ ನಿನಗೆ ಹಾಗನ್ನಬಾರದಿತ್ತು. ನಾಳೆಯೇ ವಕೀಲರ ಹತ್ತಿರ ಹೋಗುತ್ತೇನೆ, ರಿಜಿಸ್ಟ್ರು ನಿಲ್ಲಿಸುತ್ತೇನೆ. ನೀನು ಬುಧವಾರ ಹೋಗು, ಗೆರೆ ಹಾಕು, ಕಂದಕ ತೆಗೆಸು, ಇನ್ನು ಈ ಮನೆಯಲ್ಲಿ ನಿನ್ನ ಮೇಲೆ ಯಾರೂ ಅನುಮಾನ ಪಡೋದಿಲ್ಲ.

ಶಶಿರೇಖಾ ಅವನ ತಟ್ಟೆಗೆ ಸಾರು ಹಾಕಿದಳು.

"ನಿನ್ನೆವರ್ಗೂ ನಾನು ಏನೂ ಮಾಡಿರ್ಲಿಲ್ಲ ಮಾವ, ನೀವು ನನ್ನ ನಂಬ್ಲಿಲ್ಲ," ಎಂದಳು. "ಇವತ್ತು ಕೈ ಹಿಡ್ದ ಗಂಡನ್ನ ಊರ್ ಮುಂದೆ ಹಿಡ್ಕೊಟ್ಟೆ. ಇವತ್ತು ನಂಬ್ತೀನಿ ಅಂತೀರ."

ಅಮ್ಮಯಮ್ಮ ಇನ್ನೊಂದು ತಟ್ಟೆಗೆ ಮುದ್ದೆ ಹಾಕಿ ಸೊಸೆಯ ಕಡೆ ಚಾಚಿ, ಕಣ್ಣಲ್ಲೇ ರೂಮಿನ ಬಾಗಿಲು ತೋರಿಸಿದಳು. ಶಶಿರೇಖಾ ತಟ್ಟೆ ತೆಗೆದುಕೊಂಡು ಹೋಗಿ ಬಾಗಿಲು ತಟ್ಟಿದಳು. ಒಳಗಿನಿಂದ ಸದ್ದಿಲ್ಲ. ಇನ್ನೊಂದು ಸಲ ತಟ್ಟಿದಳು. ಆಮೇಲೆ ತಟ್ಟೆಯ ಮೇಲೊಂದು ತಟ್ಟೆ ಮುಚ್ಚಿ, ಅಲ್ಲೇ ಬಾಗಿಲಿಗೆ ಒರಗಿ ಕೂತುಕೊಂಡಳು.